ಎಸ್‌ವಿಎನ್ ಬಿಟ್ಟರೆ ಎಲ್ಲಿಗೆ? ಕೋಡ್ ಜೊತೆ ದೊಡ್ಡ ಬೈನರಿ ಕಡತಗಳೂ ಇರುವ ತಂಡಕ್ಕೆ ವರ್ಶನ್ ಕಂಟ್ರೋಲ್

ಮೂಲಪ್ರತಿ

ತಂಡದಲ್ಲಿ 14 ಜನ: 9 ಪ್ರೋಗ್ರಾಮರ್‌ಗಳು, 3 ಕಲಾವಿದರು, 2 ಟೆಸ್ಟರ್‌ಗಳು. ಸದ್ಯಕ್ಕೆ ಎಲ್ಲವೂ ಸಬ್‌ವರ್ಶನ್ (ಎಸ್‌ವಿಎನ್) 1.14 ಎಂಬ ವರ್ಶನ್ ಕಂಟ್ರೋಲ್‌ನಲ್ಲಿ, ಎಂದರೆ ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶದಲ್ಲಿ, ಒಂದೇ ರೆಪೊದಲ್ಲಿ (ಸಂಗ್ರಹದಲ್ಲಿ) ಇದೆ. ಸುಮಾರು 31,000 ರಿವಿಶನ್‌ಗಳು (ದಾಖಲಾದ ಬದಲಾವಣೆಗಳು) ಆಗಿವೆ. ಸರ್ವರ್‌ನಲ್ಲಿ ರೆಪೊದ ಗಾತ್ರ 38 ಜಿಬಿ, ಅದರಲ್ಲಿ ಕೋಡ್ 1 ಜಿಬಿಯೂ ಇಲ್ಲ. ಉಳಿದದ್ದೆಲ್ಲ ಪಿಎಸ್‌ಡಿ (ಫೋಟೊಶಾಪ್ ಚಿತ್ರ), 3ಡಿ ಮಾಡೆಲ್, ಧ್ವನಿ ಕಡತಗಳು, ಎಂದರೆ ಪಠ್ಯವಲ್ಲದ ಬೈನರಿಗಳು. ಒಂದು ಫೋಲ್ಡರ್ ಹೊರಗಿನ ಕಂಪನಿಯ ಕೋಡ್, ಅದನ್ನು 4 ಜನ ಮಾತ್ರ ನೋಡಬಹುದು ಎಂದು ಒಪ್ಪಂದವಿದೆ. ಇಬ್ಬರ ನೆಟ್‌ವರ್ಕ್ ನಿಧಾನ.

ಪ್ರೋಗ್ರಾಮರ್‌ಗಳಿಗೆ ಬ್ರಾಂಚ್ ಮಾಡಿ (ಕೆಲಸಕ್ಕೆ ಬೇರೆ ಕವಲು ತೆಗೆದು) ಮರ್ಜ್ ಮಾಡುವುದೇ (ಮತ್ತೆ ಒಂದಾಗಿಸುವುದೇ) ತಲೆನೋವಾಗಿದೆ. ಗಿಟ್‌ಗೆ ಹೋಗೋಣ ಎಂಬುದು ಹೆಚ್ಚಿನವರ ಮಾತು. ಇಂಥದ್ದೇ ಇನ್ನೊಂದು ವ್ಯವಸ್ಥೆಯಾದ ಪರ್ಫೋರ್ಸ್ ಎಂದವರೂ ಇದ್ದಾರೆ. "ಎಲ್ಲರೂ ಗಿಟ್ ಬಳಸ್ತಾರೆ" ಎಂಬುದನ್ನು ಬಿಟ್ಟು ಬೇರೆ ಕಾರಣ ಕೊಡಬಲ್ಲವರು ದಯವಿಟ್ಟು ಬರೆಯಿರಿ. ಹಳೆಯ ಇತಿಹಾಸ ಬೇಕೇ ಬೇಕು.

ಬೇರುಕೊಂಬೆ

ಉಪಕರಣದ ಹೆಸರನ್ನು ಆಮೇಲೆ ನೋಡೋಣ. ಮೊದಲು ಕಡತಗಳನ್ನು ಎರಡು ರಾಶಿ ಮಾಡಿ: ಮರ್ಜ್ ಆಗುವಂಥವು, ಆಗದಂಥವು. ಒಂದೇ ಸಿ++ ಕಡತವನ್ನು ಇಬ್ಬರು ತಿದ್ದಿದರೆ ಎರಡನ್ನೂ ಹೊಂದಿಸಬಹುದು. ಒಂದೇ ಪಿಎಸ್‌ಡಿಯನ್ನು ಇಬ್ಬರು ತಿದ್ದಿದರೆ ಒಬ್ಬರ ಕೆಲಸ ಕಸದ ಬುಟ್ಟಿಗೆ. ಅದಕ್ಕೆ ಬೀಗ ಬೇಕು, ಬೇರೆ ದಾರಿಯಿಲ್ಲ. ಗಿಟ್ ಕಟ್ಟಿರುವುದೇ "ಬೀಗ ಬೇಡ, ಆಮೇಲೆ ಹೊಂದಿಸೋಣ" ಎಂಬ ನಂಬಿಕೆಯ ಮೇಲೆ.

ಎರಡನೆಯದು ಗಾತ್ರ. ಗಿಟ್ ಕ್ಲೋನ್ (ರೆಪೊದ ಪ್ರತಿ ಇಳಿಸಿಕೊಳ್ಳುವುದು) ಎಂದರೆ ಇತಿಹಾಸವಿಡೀ ಪ್ರತಿಯೊಬ್ಬರ ಡಿಸ್ಕ್‌ಗೂ ಇಳಿಯುತ್ತದೆ. ಪಠ್ಯಕ್ಕೆ ಅದು ಭಾರವಲ್ಲ, ಡೆಲ್ಟಾ (ವ್ಯತ್ಯಾಸ ಮಾತ್ರ) ಮಾಡಿ ಚೆನ್ನಾಗಿ ಅದುಮಿಡುತ್ತದೆ. ಆದರೆ ಮೊದಲೇ ಕಂಪ್ರೆಸ್ ಆಗಿರುವ ಬೈನರಿಯಲ್ಲಿ ಒಂದು ಪದರ ಬದಲಾದರೂ ಬೈಟ್‌ಗಳೆಲ್ಲ ಬದಲಾಗುತ್ತವೆ, ಡೆಲ್ಟಾ ಸಿಗುವುದಿಲ್ಲ. 200 ಎಂಬಿ ಕಡತವನ್ನು 50 ಸಲ ಕಮಿಟ್ ಮಾಡಿದರೆ (ಬದಲಾವಣೆ ದಾಖಲಿಸಿದರೆ) ಹತ್ತಿರಹತ್ತಿರ 10 ಜಿಬಿ, ಅದೂ 14 ಜನರ ಯಂತ್ರಗಳಲ್ಲಿ. ಎಸ್‌ವಿಎನ್‌ನಲ್ಲಿ ನಿಮ್ಮ ಯಂತ್ರಕ್ಕೆ ಬರುವುದು ಈಗಿನ ಪ್ರತಿ ಮತ್ತು ಹೋಲಿಕೆಗೆಂದು .ಎಸ್‌ವಿಎನ್ ಫೋಲ್ಡರ್‌ನಲ್ಲಿ ಇನ್ನೊಂದು ಪ್ರತಿ, ಅಷ್ಟೇ. ಎಂದರೆ ಚೆಕ್‌ಔಟ್‌ನ (ಇಳಿಸಿಕೊಂಡ ಕೆಲಸದ ಪ್ರತಿಯ) ಎರಡರಷ್ಟು.

ಮೂರನೆಯದು ಆ 4 ಜನರ ಫೋಲ್ಡರ್. ಗಿಟ್‌ನಲ್ಲಿ ಓದುವ ಅನುಮತಿ ರೆಪೊ ಮಟ್ಟಕ್ಕೆ ಮಾತ್ರ. ಕ್ಲೋನ್ ಮಾಡಬಲ್ಲವರು ಎಲ್ಲವನ್ನೂ ಓದಬಲ್ಲರು. ಸ್ಪಾರ್ಸ್ ಚೆಕ್‌ಔಟ್ (ಆಯ್ದ ಫೋಲ್ಡರ್ ಮಾತ್ರ ತೋರಿಸುವುದು) ಹಾಕಿ "ಮರೆಮಾಡಿದ್ದೇವೆ" ಎಂದುಕೊಳ್ಳುವವರಿದ್ದಾರೆ. ಅದು ಕಣ್ಣಿಗೆ ಕಾಣದಂತೆ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ.

ಸರದಿಸಾಲು

ಇಷ್ಟೆಲ್ಲಾ ಯಾಕೆ? ದೊಡ್ಡ ಕಡತಗಳನ್ನು ಬೇರೆ ಕಡೆ ಇಡೋ ಗಿಟ್ ಎಲ್‌ಎಫ್‌ಎಸ್ ಹಾಕಿದ್ರೆ ಮುಗೀತಲ್ಲ.

ಹಳೇಕೀಲಿ

ಮುಗಿಯಲ್ಲ. ಅದನ್ನು ಬೇರೆಯವರು ಹೇಳಲಿ, ನಾನು ಎಸ್‌ವಿಎನ್ ಪರ ಮಾತಾಡ್ತೀನಿ, ಯಾಕಂದ್ರೆ ಇಲ್ಲಿ ಯಾರೂ ಮಾತಾಡಲ್ಲ.

ಬೇರುಕೊಂಬೆ ಹೇಳಿದ ಮೂರು ಸಮಸ್ಯೆಗಳಲ್ಲಿ ಎರಡನ್ನು (ಬೀಗ, ಅನುಮತಿ) ಅದು ಆಗಲೇ ಬಗೆಹರಿಸಿದೆ. ಆಥ್‌ಝೀ ಅನ್ನೋ ಅನುಮತಿ ಕಡತದಲ್ಲಿ ಪಾತ್ (ಫೋಲ್ಡರ್ ದಾರಿ) ಪ್ರಕಾರ ಅನುಮತಿ ಕೊಡಬಹುದು. ಬೈನರಿಗೆ `ಎಸ್‌ವಿಎನ್:ನೀಡ್ಸ್-ಲಾಕ್` ಅನ್ನೋ ಪ್ರಾಪರ್ಟಿ (ಕಡತಕ್ಕೆ ಅಂಟಿಸೋ ಗುರುತು) ಹಾಕಿದ್ರೆ ಕಡತ ರೀಡ್-ಓನ್ಲಿ ಆಗಿ ಇಳಿಯುತ್ತೆ. ಬೀಗ ತಗೊಂಡ ಮೇಲಷ್ಟೇ ಬರೆಯಬಹುದು. ಮುಖ್ಯ ವಿಷಯ: ನಿಮ್ಮ ಪ್ರತಿ ಹಳೇದಾಗಿದ್ರೆ ಎಸ್‌ವಿಎನ್ ಬೀಗವನ್ನೇ ಕೊಡಲ್ಲ, ಮೊದಲು ಅಪ್‌ಡೇಟ್ ಮಾಡು ಅನ್ನುತ್ತೆ. ಇದು ಚಿಕ್ಕದಾಗಿ ಕಾಣುತ್ತೆ, ಕಲಾವಿದರ ಅರ್ಧ ಜಗಳ ಇದರಿಂದಲೇ ತಪ್ಪುತ್ತೆ.

ಆ ಪ್ರಾಪರ್ಟಿಯನ್ನು ಕೈಯಲ್ಲಿ ಹಾಕ್ತಾ ಕೂತ್ರೆ ಯಾರಾದ್ರೂ ಮರೀತಾರೆ. 1.8ರಿಂದ (2013) `ಎಸ್‌ವಿಎನ್:ಆಟೋ-ಪ್ರಾಪ್ಸ್` ಅನ್ನು ರೆಪೊದ ಮೇಲಿನ ಫೋಲ್ಡರ್‌ಗೇ ಹಾಕಬಹುದು, ಕೆಳಗಿರೋದಕ್ಕೆಲ್ಲ ಅನ್ವಯ ಆಗುತ್ತೆ. ಆದ್ರೆ ಹೊಸದಾಗಿ ಸೇರಿಸೋ ಕಡತಗಳಿಗೆ ಮಾತ್ರ. ಹಳೇವಕ್ಕೆ ಒಂದ್ಸಲ ಪ್ರಾಪ್‌ಸೆಟ್ ಓಡಿಸಿ. ಬೀಗ ಕದಿಯೋದನ್ನು ತಡೆಯೋಕೆ ಪ್ರೀ-ಲಾಕ್ ಹುಕ್ (ಬೀಗ ಕೊಡೋ ಮುಂಚೆ ಸರ್ವರ್ ತಾನಾಗಿ ಓಡಿಸೋ ಸ್ಕ್ರಿಪ್ಟ್) ಇದೆ, ಕದಿಯೋ ಪ್ರಯತ್ನವೋ ಅಲ್ವೋ ಅನ್ನೋದು ಅದಕ್ಕೆ ಕೊನೆಯ ಆರ್ಗ್ಯುಮೆಂಟ್ ಆಗಿ ಬರುತ್ತೆ.

ಸೋಲೋದು ಎಲ್ಲಿ ಅಂದ್ರೆ ಮೂಲಪ್ರತಿ ಹೇಳಿದ ಬ್ರಾಂಚ್, ಮರ್ಜ್ ಜಾಗದಲ್ಲೇ. ಹೆಸರು ಬದಲಾವಣೆ ಅಂದ್ರೆ ಅದಕ್ಕೆ ನಕಲು + ಅಳಿಸುವಿಕೆ. ಒಂದು ಬ್ರಾಂಚ್‌ನಲ್ಲಿ ಹೆಸರು ಬದಲಿಸಿ, ಇನ್ನೊಂದರಲ್ಲಿ ಅದೇ ಕಡತ ತಿದ್ದಿದ್ರೆ ಟ್ರೀ ಕಾನ್‌ಫ್ಲಿಕ್ಟ್ (ಯಾವ ಕಡತ ಎಲ್ಲಿದೆ ಅನ್ನೋದರಲ್ಲೇ ತಿಕ್ಕಾಟ) ಬಂದು ಕೂರುತ್ತೆ. ಈಚಿನ ಆವೃತ್ತಿಗಳಲ್ಲಿ ಬಿಡಿಸೋಕೆ ಸಹಾಯ ಸಿಗುತ್ತೆ, ಆದ್ರೂ ಕೈಕೆಲಸ ತಪ್ಪಲ್ಲ. ಇದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ.

ಕಡತಕಾವಲು

@ಸರದಿಸಾಲು, ಎಲ್‌ಎಫ್‌ಎಸ್ ಒಳ್ಳೆಯ ಉಪಕರಣ. ಏನು ಮಾಡುತ್ತದೆ ಎಂದು ತಿಳಿಯದೆ ಹಾಕಿದವರಿಗೇ ಅದು ಕಾಟ ಕೊಡುವುದು.

ಕಮಿಟ್‌ನಲ್ಲಿ ನಿಜವಾದ ಕಡತದ ಬದಲು ಮೂರು ಸಾಲಿನ ಪಾಯಿಂಟರ್ ಕಡತ ಹೋಗುತ್ತದೆ: ಆವೃತ್ತಿ, ಎಸ್‌ಎಚ್‌ಎ-256 ಹ್ಯಾಶ್ (ಕಡತದ ಒಡಲಿನಿಂದ ಲೆಕ್ಕಹಾಕಿದ ಗುರುತು), ಗಾತ್ರ. ನಿಜವಾದ ಕಡತ ಬೇರೆ ಸಂಗ್ರಹದಲ್ಲಿರುತ್ತದೆ. ಚೆಕ್‌ಔಟ್ ಆಗುವಾಗ ಬೇಕಾದ ಆವೃತ್ತಿ ಮಾತ್ರ ಇಳಿಯುತ್ತದೆ. ಡಿಸ್ಕ್ ಉಳಿಯಿತು ಎಂದುಕೊಳ್ಳಬೇಡಿ: ಕೆಲಸದ ಪ್ರತಿ ಒಂದು, `.ಗಿಟ್/ಎಲ್‌ಎಫ್‌ಎಸ್` ಒಳಗೆ ಇನ್ನೊಂದು. ಅಲ್ಲಿಗೂ ಎರಡರಷ್ಟೇ. ಮೇಲಾಗಿ ಹಿಂದೆ ಇಳಿಸಿಕೊಂಡ ಆವೃತ್ತಿಗಳು `ಗಿಟ್ ಎಲ್‌ಎಫ್‌ಎಸ್ ಪ್ರೂನ್` ಓಡಿಸುವ ತನಕ ಅಲ್ಲೇ ಬಿದ್ದಿರುತ್ತವೆ.

ಕೆಡುವ ಜಾಗಗಳನ್ನು ಹೇಳುತ್ತೇನೆ. `ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್` ಮಾಡದ ಯಂತ್ರದಲ್ಲಿ ಕ್ಲೋನ್ ಮಾಡಿದರೆ ಪಾಯಿಂಟರ್ ಮಾತ್ರ ಸಿಗುತ್ತದೆ, ಕಲಾವಿದರು "ಕಡತ ಕೆಟ್ಟಿದೆ" ಎನ್ನುತ್ತಾರೆ. ಗಾತ್ರ 130 ಬೈಟ್ ಆಸುಪಾಸು ಇದ್ದರೆ ಕೆಟ್ಟಿಲ್ಲ, ಇಳಿದೇ ಇಲ್ಲ ಎಂದರ್ಥ. ಇನ್ನೊಂದು: `*.ಪಿಎಸ್‌ಡಿ` ಎಂದು ಸಣ್ಣಕ್ಷರದಲ್ಲಿ ಟ್ರ್ಯಾಕ್ ಮಾಡಿದ್ದು (ಎಲ್‌ಎಫ್‌ಎಸ್‌ಗೆ ಒಪ್ಪಿಸಿದ್ದು), ಕ್ಯಾಮೆರಾ ಅಥವಾ ಹಳೆಯ ತಂತ್ರಾಂಶ ದೊಡ್ಡಕ್ಷರದ ವಿಸ್ತರಣೆ ಕೊಟ್ಟರೆ ಆ ಕಡತ ಸೀದಾ ಗಿಟ್ ಒಳಗೆ ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಚೌಕ ಆವರಣದಲ್ಲಿ ಎರಡೂ ರೂಪ ಬರೆಯಿರಿ. ಟ್ರ್ಯಾಕ್ ಮಾಡುವ ಮುಂಚೆ ಕಮಿಟ್ ಆದ ಕಡತಗಳು ತಾವಾಗಿ ಎಲ್‌ಎಫ್‌ಎಸ್‌ಗೆ ಹೋಗುವುದಿಲ್ಲ. `ಗಿಟ್ ಎಲ್‌ಎಫ್‌ಎಸ್ ಮೈಗ್ರೇಟ್ ಇಂಪೋರ್ಟ್` ಬೇಕು, ಅದು ಇತಿಹಾಸ ತಿರುಗಿ ಬರೆಯುತ್ತದೆ, ಕಮಿಟ್‌ಗಳ ಹ್ಯಾಶ್ ಬದಲಾಗುತ್ತವೆ, ಎಲ್ಲರೂ ಹೊಸದಾಗಿ ಕ್ಲೋನ್ ಮಾಡಬೇಕು. ಹಾಗಾಗಿ ಟ್ರ್ಯಾಕ್ ನಿಯಮಗಳಿರುವ ಗಿಟ್‌ಆಟ್ರಿಬ್ಯೂಟ್ಸ್ ಕಡತವೇ ರೆಪೊದ ಮೊದಲ ಕಮಿಟ್ ಆಗಿರಲಿ.

ಬೀಗದ ವಿಷಯ. `--ಲಾಕಬಲ್` ಎಂದು ಟ್ರ್ಯಾಕ್ ಮಾಡಿದರೆ ಇಲ್ಲೂ ರೀಡ್-ಓನ್ಲಿ ಆಗುತ್ತದೆ. ಆದರೆ ಹಳೇಕೀಲಿ ಹೇಳಿದ ತಪಾಸಣೆ ಇಲ್ಲಿಲ್ಲ: ನಿಮ್ಮ ಪ್ರತಿ ಹಳೆಯದಾಗಿದ್ದರೂ ಬೀಗ ಸಿಗುತ್ತದೆ. ಒಬ್ಬರು ತಿದ್ದಿ, ಪುಶ್ ಮಾಡಿ (ಸರ್ವರ್‌ಗೆ ಕಳಿಸಿ), ಬೀಗ ಬಿಡುತ್ತಾರೆ. ಇನ್ನೊಬ್ಬರು ಪುಲ್ ಮಾಡದೆ (ಸರ್ವರ್‌ನಿಂದ ಹೊಸದನ್ನು ತರಿಸದೆ) ಬೀಗ ಹಿಡಿದು ನಿನ್ನೆಯ ಚಿತ್ರದ ಮೇಲೆ ಇಡೀ ದಿನ ಕೆಲಸ ಮಾಡುತ್ತಾರೆ. ಪುಶ್ ಮಾಡುವಾಗಲೇ ಗೊತ್ತಾಗುವುದು. ಬೀಗ ಪಾತ್‌ಗೆ, ಬ್ರಾಂಚ್‌ಗಲ್ಲ. ಬೇರೆ ಬ್ರಾಂಚ್‌ನಲ್ಲಿ ತಿದ್ದಿ ಬೀಗ ಬಿಟ್ಟರೆ ಮುಖ್ಯ ಬ್ರಾಂಚ್‌ಗೆ ಮರ್ಜ್ ಆಗುವ ತನಕ ಮತ್ತದೇ ಅಪಾಯ. ಬೈನರಿಗಳನ್ನು ಒಂದೇ ಬ್ರಾಂಚ್‌ನಲ್ಲಿ ತಿದ್ದುವ ನಿಯಮವಿಲ್ಲದೆ ಎಲ್‌ಎಫ್‌ಎಸ್ ಬೀಗಕ್ಕೆ ಬೆಲೆಯಿಲ್ಲ.

ತ್ರಿಜ್ಯ

ಪರ್ಫೋರ್ಸ್ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಬೈನರಿ ಹೆಚ್ಚಿರುವ ಆಟದ ಸ್ಟುಡಿಯೊಗಳು ಅದನ್ನು ಬಿಡದಿರುವುದಕ್ಕೆ ಕಾರಣವಿದೆ. ಟೈಪ್‌ಮ್ಯಾಪ್ ಎಂಬ ಕಡತ ಬಗೆಗಳ ಪಟ್ಟಿಯಲ್ಲಿ ಬೈನರಿ ವಿಸ್ತರಣೆಗಳಿಗೆ `ಬೈನರಿ+ಎಲ್` ಎಂದು ಒಂದು ಸಾಲು ಬರೆದರೆ ಕಡತವನ್ನು ಒಂದು ಸಲಕ್ಕೆ ಒಬ್ಬರೇ ತಿದ್ದಲು ತೆರೆಯಬಹುದು. ಬಿಲ್ಡ್ ಆಗಿ ಬರುವ ಕಡತಗಳಿಗೆ `+ಎಸ್10` ಎಂದರೆ ಕೊನೆಯ 10 ಆವೃತ್ತಿಗಳ ಒಡಲು ಮಾತ್ರ ಉಳಿಯುತ್ತದೆ, ಸರ್ವರ್ ಊದಿಕೊಳ್ಳುವುದಿಲ್ಲ. ಪ್ರೊಟೆಕ್ಟ್ ಕೋಷ್ಟಕದಿಂದ ಪಾತ್ ಮಟ್ಟದ ಅನುಮತಿ ಸಿಗುತ್ತದೆ. ವರ್ಕ್‌ಸ್ಪೇಸ್ ವ್ಯೂ ಬರೆದು ಬೇಕಾದ ಫೋಲ್ಡರ್ ಮಾತ್ರ ಇಳಿಸಿಕೊಳ್ಳಬಹುದು.

ತೊಡಕುಗಳೂ ಇವೆ. ಉಚಿತವಾಗಿ ಸಿಗುವುದು 5 ಬಳಕೆದಾರರು, 20 ವರ್ಕ್‌ಸ್ಪೇಸ್‌ಗಳ ತನಕ. 14 ಜನಕ್ಕೆ ಲೈಸೆನ್ಸ್ ಕೊಳ್ಳಬೇಕು. ಸರ್ವರ್ ಇಲ್ಲದೆ ಕೆಲಸ ಸಾಗದು. ಸಂಪರ್ಕವಿಲ್ಲದಾಗ ತಿದ್ದಿದ್ದನ್ನು ಆಮೇಲೆ `ಪಿ4 ರೆಕನ್ಸೈಲ್` ಮಾಡಿ ಸೇರಿಸಬೇಕು, ದೊಡ್ಡ ಮರದಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ. ಕಡತ ತೆರೆದಿಟ್ಟು ರಜೆಗೆ ಹೋದವರದ್ದನ್ನು ಅಡ್ಮಿನ್ ಬಂದು ರಿವರ್ಟ್ ಮಾಡಿ ಬಿಡಿಸಬೇಕು.

ಅಡ್ಮಿನ್ ಕೆಲಸ ನಿಜಕ್ಕೂ ಕೆಲಸವೇ. ಮೆಟಾಡೇಟಾ ಬೇರೆ, ಕಡತಗಳ ಒಡಲು ಬೇರೆ. `ಪಿ4ಡಿ -ಜೆಸಿ` ಓಡಿಸಿ ಚೆಕ್‌ಪಾಯಿಂಟ್ (ಮೆಟಾಡೇಟಾದ ಪೂರ್ಣ ಪ್ರತಿ) ತೆಗೆಯಬೇಕು, ಜರ್ನಲ್ (ನಂತರದ ಬದಲಾವಣೆಗಳ ದಾಖಲೆ) ಬೇರೆ ಡಿಸ್ಕ್‌ನಲ್ಲಿರಬೇಕು, ಒಡಲು ಇರುವ ಡಿಪೋ ಕಡತಗಳ ಬ್ಯಾಕಪ್ ಬೇರೆಯಾಗಿ ಆಗಬೇಕು. ಡೇಟಾಬೇಸ್ ಕಡತಗಳನ್ನು ಸರ್ವರ್ ಓಡುತ್ತಿರುವಾಗಲೇ ಕಾಪಿ ಮಾಡಿ ಅದನ್ನೇ ಬ್ಯಾಕಪ್ ಎಂದು ಇಟ್ಟುಕೊಂಡರೆ, ಮರಳಿ ಎಬ್ಬಿಸುವ ದಿನ ಅದು ತೆರೆಯದೇ ಹೋಗಬಹುದು.

ಸರದಿಸಾಲು

ಸರಿ ಸರಿ, ಒಪ್ಕೊಂಡೆ. ಮರ್ಕ್ಯುರಿಯಲ್, ಫಾಸಿಲ್, ಜುಜುತ್ಸು ಅಂತ ಬೇರೆ ವರ್ಶನ್ ಕಂಟ್ರೋಲ್‌ಗಳಿವೆ, ಇವ್ಯಾವುದನ್ನೂ ಯಾರೂ ಎತ್ತಲಿಲ್ಲವಲ್ಲ?

ಅರ್ಧವಿರಾಮ

ಚುಟುಕಾಗಿ. ಗಿಟ್ ಮತ್ತು ಮರ್ಕ್ಯುರಿಯಲ್ ಎರಡೂ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ತಂಡಕ್ಕೆ ಬಿಟ್‌ಕೀಪರ್ ಎಂಬ ವರ್ಶನ್ ಕಂಟ್ರೋಲ್‌ನ ಉಚಿತ ಬಳಕೆ ನಿಂತದ್ದೇ ನೆಪ. ಮರ್ಕ್ಯುರಿಯಲ್‌ನ ಆಜ್ಞೆಗಳು ಇಂದಿಗೂ ಹೆಚ್ಚು ನೇರ. ಹಂಚಿಕೊಂಡ ಕಮಿಟ್ ಪಬ್ಲಿಕ್, ಹಂಚದ್ದು ಡ್ರಾಫ್ಟ್ ಎಂಬ ಫೇಸ್ ವ್ಯವಸ್ಥೆಯಂತೂ ಗಿಟ್‌ನಲ್ಲಿ ಇರಬೇಕಿತ್ತು. ಆದರೆ ಪೈಥಾನ್ 2017ರಲ್ಲಿ ಗಿಟ್‌ಗೆ ಹೋಯಿತು, ರೆಪೊಗಳನ್ನು ಇಡುವ ತಾಣ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ಬೆಂಬಲ ತೆಗೆಯಿತು, ಫೈರ್‌ಫಾಕ್ಸ್‌ಗೆ ಗಿಟ್ ಸಾಕು ಎಂದು ಮೊಝಿಲ್ಲಾ 2023ರಲ್ಲಿ ಹೇಳಿತು. ಉಪಕರಣ ಸತ್ತಿಲ್ಲ, ಸುತ್ತಲಿನ ರಿವ್ಯೂ ಮತ್ತು ಸಿಐ (ತಾನಾಗಿ ಬಿಲ್ಡ್, ಪರೀಕ್ಷೆ ಮಾಡುವ ವ್ಯವಸ್ಥೆ) ಜಗತ್ತು ಕಿರಿದಾಗಿದೆ. ಹೊಸದಾಗಿ ಅಲ್ಲಿಗೆ ಹೋಗಲು ಕಾರಣ ಕಾಣುವುದಿಲ್ಲ.

ಫಾಸಿಲ್ ಎಸ್‌ಕ್ಯೂಲೈಟ್ ಡೇಟಾಬೇಸ್ ಮಾಡಿದವರದ್ದೇ. ಇಡೀ ರೆಪೊ ಒಂದೇ ಎಸ್‌ಕ್ಯೂಲೈಟ್ ಕಡತ, ವಿಕಿ ಮತ್ತು ಟಿಕೆಟ್ ಅದರೊಳಗೇ. ನಾಲ್ಕೈದು ಜನರ ತಂಡಕ್ಕೆ ಬಹಳ ಚೆಂದ. ನಿಮ್ಮ 37 ಜಿಬಿ ಬೈನರಿಗೆ ಅಲ್ಲ. ಜುಜುತ್ಸು ಗಿಟ್ ರೆಪೊ ಮೇಲೆಯೇ ಕೂರುತ್ತದೆ, ಇಷ್ಟವಿದ್ದವರು ತಮ್ಮ ಯಂತ್ರದಲ್ಲಿ ಬಳಸಿಕೊಳ್ಳಲಿ, ತಂಡ ತೀರ್ಮಾನಿಸಬೇಕಾದ ವಿಷಯವೇ ಅಲ್ಲ. ಎಲ್‌ಎಫ್‌ಎಸ್ ಅಥವಾ ಸಬ್‌ಮಾಡ್ಯೂಲ್ (ರೆಪೊದೊಳಗೆ ಜೋಡಿಸಿದ ಇನ್ನೊಂದು ರೆಪೊ) ಇರುವ ರೆಪೊದಲ್ಲಿ ಪರೀಕ್ಷಿಸದೆ ಇಳಿಯಬಾರದು, ಅಷ್ಟೇ.

ಕೋಡ್‌ಗೆ ಗಿಟ್ ಏಕೆ ಎಂಬುದಕ್ಕೆ ಕಾರಣ ಕೇಳಿದ್ದೀರಿ. ಬ್ರಾಂಚ್ ಎಂದರೆ ಒಂದು ಕಮಿಟ್‌ನ ಹ್ಯಾಶ್ ಬರೆದಿಟ್ಟ ಗುರುತು; ಹುಟ್ಟಿಸಲೂ ಎಸೆಯಲೂ ಖರ್ಚಿಲ್ಲ. ಹೆಸರು ಬದಲಾವಣೆಯನ್ನು ಮರ್ಜ್ ಮಾಡುವಾಗ ಒಡಲಿನ ಹೋಲಿಕೆಯಿಂದ ಪತ್ತೆಹಚ್ಚುತ್ತದೆ, ನಿಮ್ಮ ಟ್ರೀ ಕಾನ್‌ಫ್ಲಿಕ್ಟ್‌ಗಳಲ್ಲಿ ಬಹುಪಾಲು ಅಲ್ಲೇ ಹೋಗುತ್ತವೆ. `ಗಿಟ್ ಬೈಸೆಕ್ಟ್` ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹೋಗುತ್ತದೆ: 31,000 ಕಮಿಟ್‌ಗಳಲ್ಲಿ ಬಗ್ ಹೊಕ್ಕಿದ್ದು ಎಲ್ಲಿ ಎಂಬುದಕ್ಕೆ ಸುಮಾರು 15 ಪರೀಕ್ಷೆ ಸಾಕು, ಎಲ್ಲವೂ ಸ್ಥಳೀಯ ಡಿಸ್ಕ್‌ನಲ್ಲೇ. ನಿಧಾನ ನೆಟ್‌ವರ್ಕ್‌ನ ಇಬ್ಬರಿಗೆ ಇದೇ ದೊಡ್ಡ ಉಪಕಾರ.

ಮೂಲಪ್ರತಿ

ಇದನ್ನೆಲ್ಲ ಓದಿದ ಮೇಲೆ ಹೀಗೆ ಅನ್ನಿಸುತ್ತಿದೆ: ಕೋಡ್ ಮಾತ್ರ ಗಿಟ್‌ಗೆ, ಬೈನರಿಗಳು ಎಸ್‌ವಿಎನ್‌ನಲ್ಲೇ ಇರಲಿ. ಆದರೆ ಯಾವ ಕೋಡ್ ಕಮಿಟ್‌ಗೆ ಯಾವ ಅಸೆಟ್ (ಚಿತ್ರ, ಮಾಡೆಲ್, ಧ್ವನಿ ಕಡತ) ಹೊಂದುತ್ತದೆ ಎಂದು ಹೇಗೆ ಹಿಡಿದಿಡುವುದು? ಆರು ತಿಂಗಳ ಹಿಂದಿನ ಬಿಲ್ಡ್ ಮತ್ತೆ ಬೇಕೆಂದರೆ?

ಹಳೇಕೀಲಿ

ಇದಕ್ಕೆ ಎಸ್‌ವಿಎನ್ ತಕ್ಕ ಜೋಡಿ. ಅದರ ರಿವಿಶನ್ ಅಂದ್ರೆ ಇಡೀ ರೆಪೊದ ಸ್ಥಿತಿಗೆ ಒಂದೇ ಒಂದು ಸಂಖ್ಯೆ, ಏರ್ತಾನೇ ಹೋಗುತ್ತೆ. ಗಿಟ್ ರೆಪೊದ ಬೇರಿನಲ್ಲಿ `ಅಸೆಟ್-ರಿವಿಶನ್` ಅಂತ ಒಂದು ಕಡತ ಇಡಿ, ಒಳಗೆ ಒಂದೇ ಸಾಲು: 31240. ಬಿಲ್ಡ್ ಸ್ಕ್ರಿಪ್ಟ್ ಮೊದಲು ಅದನ್ನು ಓದಿ `ಎಸ್‌ವಿಎನ್ ಅಪ್‌ಡೇಟ್ -ಆರ್ 31240` ಮಾಡಲಿ. ಹಳೇ ಕಮಿಟ್ ಚೆಕ್‌ಔಟ್ ಮಾಡಿದ್ರೆ ಆ ಕಡತದಲ್ಲಿ ಹಳೇ ಸಂಖ್ಯೆ ಇರುತ್ತೆ, ಆಗಿನ ಅಸೆಟ್‌ಗಳೇ ಬರ್ತವೆ.

ಎರಡು ಕಡೆ ಕಮಿಟ್ ಮಾಡೋವಾಗ ಕ್ರಮ ತಪ್ಪಬಾರದು: ಮೊದಲು ಅಸೆಟ್, ಆಮೇಲೆ ಸಂಖ್ಯೆ ಏರಿಸಿ ಕೋಡ್. ಉಲ್ಟಾ ಮಾಡಿದ್ರೆ ಮಧ್ಯೆ ಬಿಲ್ಡ್ ಮಾಡಿದವರಿಗೆ ಇಲ್ಲದ ಕಡತ ಹುಡುಕೋ ಕೋಡ್ ಸಿಗುತ್ತೆ.

ಎರಡು ಬ್ರಾಂಚ್‌ನಲ್ಲಿ ಸಂಖ್ಯೆ ಬೇರೆ ಬೇರೆ ಆಗಿ ಕಾನ್‌ಫ್ಲಿಕ್ಟ್ ಬಂದೇ ಬರುತ್ತೆ. ಟ್ರಂಕ್ (ಎಸ್‌ವಿಎನ್‌ನ ಮುಖ್ಯ ಬ್ರಾಂಚ್) ಒಂದೇ ಇರೋ ತನಕ ದೊಡ್ಡದನ್ನು ಉಳಿಸಿಕೊಂಡ್ರೆ ಸಾಕು, ಯಾಕಂದ್ರೆ ದೊಡ್ಡ ರಿವಿಶನ್‌ನಲ್ಲಿ ಚಿಕ್ಕದರ ಬದಲಾವಣೆಯೂ ಸೇರಿರುತ್ತೆ. ರಿಲೀಸ್‌ಗೆ ಅಸೆಟ್ ಬ್ರಾಂಚ್ ಮಾಡಿದ ಕೂಡಲೇ ಈ ಸೂತ್ರ ಸುಳ್ಳು. ಆಗ ಕಡತದಲ್ಲಿ ಪಾತ್ ಮತ್ತು ಸಂಖ್ಯೆ ಎರಡೂ ಬರೆಯಬೇಕು.

ಕಡತಕಾವಲು

ಆಕ್ಷೇಪಣೆ ದಾಖಲಿಸಲೇಬೇಕು: ಎರಡು ವ್ಯವಸ್ಥೆ ಎಂದರೆ ಎರಡು ಲಾಗಿನ್, ಎರಡು ಬ್ಯಾಕಪ್, ಎರಡು ಕಡೆ ಅನುಮತಿ. ಕೋಡ್ ಮತ್ತು ಅಸೆಟ್ ಬದಲಾವಣೆಯನ್ನು ಒಂದೇ ರಿವ್ಯೂನಲ್ಲಿ ನೋಡಲಾಗದು. ಒಂದು ವಾರದಲ್ಲಿ ಎಷ್ಟು ಸಲ ಎರಡೂ ಒಟ್ಟಿಗೆ ಬದಲಾಗುತ್ತವೆ ಎಂದು ಹಳೆಯ ಲಾಗ್‌ನಿಂದ ಎಣಿಸಿ ನೋಡಿ. `ಎಸ್‌ವಿಎನ್ ಲಾಗ್ -ವಿ` ಕೊಡುವ ಪಟ್ಟಿಯಲ್ಲಿ ಒಂದೇ ರಿವಿಶನ್‌ನೊಳಗೆ ಎರಡೂ ಬಗೆಯ ವಿಸ್ತರಣೆ ಇರುವವು ಎಷ್ಟು? ಹತ್ತರಲ್ಲಿ ಒಂದಾದರೆ ಒಡೆಯಿರಿ. ಅರ್ಧಕ್ಕರ್ಧ ಇದ್ದರೆ ಒಡೆಯಬೇಡಿ. ಆಗ ಪರ್ಫೋರ್ಸ್ ಅಥವಾ ಎಲ್‌ಎಫ್‌ಎಸ್‌ಗೇ ಬನ್ನಿ.

ಒಡೆಯುವ ಗೆರೆ ಎಲ್ಲಿ ಎಂಬುದೂ ಸೂಕ್ಷ್ಮ. "ಪಠ್ಯವೆಲ್ಲ ಗಿಟ್‌ಗೆ" ಎಂದು ಗೆರೆ ಎಳೆಯಬಾರದು. ಯೂನಿಟಿ ಗೇಮ್ ಎಂಜಿನ್ ಬಳಸುತ್ತಿದ್ದರೆ ಪ್ರತಿ ಅಸೆಟ್ ಪಕ್ಕದಲ್ಲೊಂದು .ಮೆಟಾ ಕಡತವಿರುತ್ತದೆ. ಅದು ಪಠ್ಯವೇ, ಆದರೆ ಅದರೊಳಗಿನ ಗುರುತು ಸಂಖ್ಯೆಯಿಂದಲೇ ಬೇರೆ ಕಡತಗಳು ಅಸೆಟ್‌ಗೆ ಕೊಂಡಿ ಹಾಕಿಕೊಂಡಿರುತ್ತವೆ. ಅಸೆಟ್ ಒಂದು ಕಡೆ, ಮೆಟಾ ಇನ್ನೊಂದು ಕಡೆ ಆದರೆ ಯಾರದ್ದೋ ಯಂತ್ರದಲ್ಲಿ ಹೊಸ ಗುರುತು ಹುಟ್ಟಿ ಕೊಂಡಿಗಳು ಕಳಚಿಬೀಳುತ್ತವೆ. ಅಸೆಟ್ ಹೋದಲ್ಲಿಗೆ ಮೆಟಾವೂ ಹೋಗಬೇಕು. ಸೀನ್ ಕಡತಗಳು ಯಾಮಲ್ ಎಂಬ ಪಠ್ಯ ರೂಪದಲ್ಲಿದ್ದರೂ ಕೈಯಿಂದ ಮರ್ಜ್ ಮಾಡಲು ಕಷ್ಟ, ಬೀಗ ಇರುವ ಕಡೆಯೇ ಇಡಿ.

ಮೂಲಪ್ರತಿ

ಎಣಿಸಿದೆ. ಎರಡೂ ಒಟ್ಟಿಗೆ ಬದಲಾಗುವುದು ಕಡಿಮೆಯೇ, ಹತ್ತರಲ್ಲಿ ಒಂದಕ್ಕಿಂತಲೂ ಕೆಳಗೆ. ಹಾಗಾದರೆ ಒಡೆಯುವುದೇ ಸರಿ. ಇತಿಹಾಸ ಸಾಗಿಸುವ ಕ್ರಮ ಯಾರಾದರೂ ಹೇಳುತ್ತೀರಾ? ರೆಪೊದಲ್ಲಿ ಟ್ರಂಕ್, ಬ್ರಾಂಚಸ್, ಟ್ಯಾಗ್ಸ್ (ಬಿಡುಗಡೆಗಳ ಗುರುತು) ಎಂಬ ಮಾಮೂಲಿ ವಿನ್ಯಾಸವೇ ಇದೆ.

ಬೇರುಕೊಂಬೆ

ಮಾಮೂಲಿ ವಿನ್ಯಾಸವಾದರೆ ಗಿಟ್ ಜೊತೆ ಬರುವ `ಗಿಟ್ ಎಸ್‌ವಿಎನ್` ಸಾಕು. ವಿನ್ಯಾಸ ಮಧ್ಯದಲ್ಲಿ ಬದಲಾಗಿದ್ದರೆ ಅದರ ಜೊತೆ ಗುದ್ದಾಡಬೇಡಿ. ಕೆಡಿಇ ಯೋಜನೆ ಬಳಸಿದ `ಎಸ್‌ವಿಎನ್-ಆಲ್-ಫಾಸ್ಟ್-ಎಕ್ಸ್‌ಪೋರ್ಟ್` ಇದೆ, ಯಾವ ಪಾತ್ ಎಲ್ಲಿಗೆ ಎಂದು ನಿಯಮದ ಕಡತ ಬರೆದುಕೊಡಬಹುದು.

ಮೊದಲು `ಎಸ್‌ವಿಎನ್‌ಅಡ್ಮಿನ್ ಹಾಟ್‌ಕಾಪಿ` (ಓಡುತ್ತಿರುವ ರೆಪೊದ ಪೂರ್ಣ ಪ್ರತಿ) ಮಾಡಿ ಆ ಪ್ರತಿಯ ಮೇಲೆಯೇ, ಅದೇ ಯಂತ್ರದಲ್ಲಿ ಕೆಲಸ ಮಾಡಿ. ಜಾಲದ ಮೂಲಕ 31,000 ರಿವಿಶನ್ ಒಂದೊಂದಾಗಿ ತರಿಸುವುದಕ್ಕೂ ಸ್ಥಳೀಯ ಡಿಸ್ಕ್‌ನಿಂದ ಓದುವುದಕ್ಕೂ ಅಜಗಜಾಂತರ. ಸರ್ವರ್ ವಿಳಾಸ ಮುಂದೆ ಬದಲಾಗುತ್ತದೆ ಎಂದಾದರೆ `--ರೀರೈಟ್-ರೂಟ್` ಕೊಟ್ಟು ನಿಜವಾದ ವಿಳಾಸವನ್ನೇ ಬರೆಸಿ.

ನಂತರ ಹೆಸರುಗಳ ಕಡತ. `ಎಸ್‌ವಿಎನ್ ಲಾಗ್ -ಕ್ಯೂ` ಔಟ್‌ಪುಟ್‌ನಿಂದ ಲಾಗಿನ್ ಹೆಸರುಗಳನ್ನು ತೆಗೆದು, ಪ್ರತಿ ಸಾಲಿನಲ್ಲಿ ಲಾಗಿನ್, ಸಮ ಚಿಹ್ನೆ, ಪೂರ್ಣ ಹೆಸರು, ಕೋನ ಆವರಣದಲ್ಲಿ ಇಮೇಲ್. ಒಂದು ಹೆಸರು ಬಿಟ್ಟುಹೋದರೂ ಪರಿವರ್ತನೆ ಆ ರಿವಿಶನ್‌ನಲ್ಲೇ ನಿಲ್ಲುತ್ತದೆ. ಕೆಲಸ ಬಿಟ್ಟುಹೋದವರನ್ನೂ ಸೇರಿಸಿ. ಬೈನರಿಗಳು ಬರದಂತೆ `--ಇಗ್ನೋರ್-ಪಾತ್ಸ್` ಗೆ ವಿಸ್ತರಣೆಗಳ ರೆಜೆಕ್ಸ್ (ಹೆಸರು ಹೊಂದಿಸುವ ನಮೂನೆ) ಕೊಡಿ, ಆ 4 ಜನರ ಫೋಲ್ಡರನ್ನೂ ಅದರಲ್ಲೇ ಸೇರಿಸಿ. ಅದನ್ನು ಆಮೇಲೆ ಅಳಿಸುತ್ತೇನೆ ಎಂದುಕೊಂಡರೆ ಇತಿಹಾಸದಲ್ಲಿ ಉಳಿದೇ ಉಳಿಯುತ್ತದೆ.

`--ನೋ-ಮೆಟಾಡೇಟಾ` ಹಾಕಿ ಎಂದು ಬಹಳ ಕಡೆ ಬರೆದಿರುತ್ತದೆ. ಹಾಕಬೇಡಿ. ಕಮಿಟ್ ಸಂದೇಶದ ಕೊನೆಯಲ್ಲಿ ಉಳಿಯುವ `ಗಿಟ್-ಎಸ್‌ವಿಎನ್-ಐಡಿ` ಸಾಲು ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಹಳೆಯ ಬಗ್ ವರದಿಯಲ್ಲಿ "ಆರ್18233ರಲ್ಲಿ ಸರಿಯಾಗಿದೆ" ಎಂದು ಬರೆದಿದ್ದರೆ `ಗಿಟ್ ಲಾಗ್ --ಗ್ರೆಪ್` ಹಾಕಿ ಹುಡುಕಲು ಅದೊಂದೇ ದಾರಿ.

ಏನೇನು ಬರುವುದಿಲ್ಲ: ಖಾಲಿ ಫೋಲ್ಡರ್‌ಗಳು, `ಎಸ್‌ವಿಎನ್:ಎಕ್ಸ್‌ಟರ್ನಲ್ಸ್` (ಬೇರೆ ಕಡೆಯ ಫೋಲ್ಡರ್‌ಗಳ ಕೊಂಡಿ), ಕೀವರ್ಡ್ ವಿಸ್ತರಣೆ (ಕಡತದೊಳಗೆ ರಿವಿಶನ್, ದಿನಾಂಕ ತಾನಾಗಿ ತುಂಬುವುದು). ಇಗ್ನೋರ್ ಪಟ್ಟಿಯನ್ನು `ಗಿಟ್ ಎಸ್‌ವಿಎನ್ ಶೋ-ಇಗ್ನೋರ್` ಕೊಡುತ್ತದೆ, ಕಡತಕ್ಕೆ ತುಂಬಿಕೊಳ್ಳಿ. ಟ್ಯಾಗ್‌ಗಳು ರಿಮೋಟ್ ಬ್ರಾಂಚ್‌ಗಳಂತೆ ಬಂದು ಕೂರುತ್ತವೆ, ಪ್ರತಿಯೊಂದಕ್ಕೂ ನಿಜವಾದ ಟ್ಯಾಗ್ ಮಾಡುವ ಚಿಕ್ಕ ಲೂಪ್ ಬರೆಯಬೇಕು. ಯಾರಾದರೂ ಹಿಂದೆ ಟ್ಯಾಗ್ ಒಳಗೇ ಕಮಿಟ್ ಮಾಡಿದ್ದರೆ ಅದೂ ಆಗ ಬೆಳಕಿಗೆ ಬರುತ್ತದೆ.

ತಾಳೆ ನೋಡುವುದು: ಟ್ರಂಕ್ ತುದಿ ಮತ್ತು ಪ್ರತಿ ರಿಲೀಸ್ ಟ್ಯಾಗ್‌ಗೆ ಒಂದು ಕಡೆ `ಎಸ್‌ವಿಎನ್ ಎಕ್ಸ್‌ಪೋರ್ಟ್`, ಇನ್ನೊಂದು ಕಡೆ `ಗಿಟ್ ಆರ್ಕೈವ್`, ನಂತರ `ಡಿಫ್ -ಆರ್`. ವ್ಯತ್ಯಾಸ ಬರಬೇಕಾದದ್ದು ಬಿಟ್ಟ ಬೈನರಿಗಳು, ಬಿಟ್ಟ ಫೋಲ್ಡರ್, ಕೀವರ್ಡ್, ಸಾಲಿನ ಕೊನೆ, ಖಾಲಿ ಫೋಲ್ಡರ್‌ಗಳಲ್ಲಿ ಮಾತ್ರ. ಬೇರೆ ಏನು ಕಂಡರೂ ನಿಲ್ಲಿಸಿ, ಹುಡುಕಿ.

ಬದಲಾಗುವ ದಿನ ಆಥ್‌ಝೀಯಲ್ಲಿ ಕೋಡ್ ಪಾತ್‌ಗೆ ಎಲ್ಲರಿಗೂ ಓದುವ ಅನುಮತಿ ಮಾತ್ರ ಬಿಡಿ, ಹಾಟ್‌ಕಾಪಿಯನ್ನು ಮತ್ತೊಮ್ಮೆ ತಾಜಾ ಮಾಡಿ, ಕೊನೆಯ ಫೆಚ್, ಮತ್ತೊಮ್ಮೆ ತಾಳೆ, ಪುಶ್. ಎರಡೂ ಕಡೆ ಬರೆಯಲು ಒಂದು ವಾರ ಬಿಡೋಣ ಎಂದು ಯಾರಾದರೂ ಕೇಳಿದರೆ ಖಡಾಖಂಡಿತ ಬೇಡ ಎನ್ನಿ.

ಅರ್ಧವಿರಾಮ

ಪರಿವರ್ತನೆ ಆದ ಕೂಡಲೇ, ಯಾರೂ ಬ್ರಾಂಚ್ ಮಾಡುವ ಮುಂಚೆ, ಸಾಲಿನ ಕೊನೆಯ ವಿಷಯ ಮುಗಿಸಿ. ಎಸ್‌ವಿಎನ್‌ನಲ್ಲಿ `ಇಒಎಲ್-ಸ್ಟೈಲ್` ಹಾಕದ ಕಡತಗಳಲ್ಲಿ ವಿಂಡೋಸ್ ಬಗೆಯ ಸಾಲುಕೊನೆ ಹಾಗೇ ಒಳಗಿರುತ್ತದೆ. ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ `* ಟೆಕ್ಸ್ಟ್=ಆಟೋ`, ಶೆಲ್ ಸ್ಕ್ರಿಪ್ಟ್‌ಗಳಿಗೆ `ಇಒಎಲ್=ಎಲ್ಎಫ್`, ಬ್ಯಾಚ್ ಕಡತಗಳಿಗೆ `ಇಒಎಲ್=ಸಿಆರ್‌ಎಲ್‌ಎಫ್`. ನಂತರ `ಗಿಟ್ ಆಡ್ --ರೀನಾರ್ಮಲೈಸ್ .` ಮಾಡಿ ಒಂದೇ ಕಮಿಟ್. ಆ ಹ್ಯಾಶನ್ನು ಒಂದು ಕಡತಕ್ಕೆ ಬರೆದು `ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್` ಗೆ ಕೊಟ್ಟರೆ ಬ್ಲೇಮ್‌ನಲ್ಲಿ (ಯಾವ ಸಾಲು ಯಾರದ್ದು ಎಂಬ ಪಟ್ಟಿಯಲ್ಲಿ) ಎಲ್ಲ ಸಾಲೂ ನಿಮ್ಮ ಹೆಸರಿಗೆ ಬೀಳುವುದಿಲ್ಲ, ಗಿಟ್ 2.23 ಅಥವಾ ಮೇಲಿನದು ಬೇಕು. ಪ್ರತಿಯೊಬ್ಬರ `ಆಟೋಸಿಆರ್‌ಎಲ್‌ಎಫ್` ಸೆಟ್ಟಿಂಗ್ ಮೇಲೆ ಭರವಸೆ ಇಡುವುದು ಬೇಡ, ರೆಪೊದೊಳಗಿನ ಕಡತ ಎಲ್ಲರಿಗೂ ಒಂದೇ.

ನಿಧಾನ ಜಾಲದವರಿಗೆ `--ಡೆಪ್ತ್ 1` ಕೊಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಅದು ಸಿಐ ಯಂತ್ರಕ್ಕೆ ಸರಿ. ಮರ್ಜ್‌ಗೆ ಸಮಾನ ಪೂರ್ವಜ ಕಮಿಟ್ ಬೇಕು, ಅಲ್ಲಿ ಅದೇ ಇರುವುದಿಲ್ಲ. ಬೈನರಿ ಬಿಟ್ಟ ಮೇಲೆ ಕೋಡ್ 1 ಜಿಬಿಗೂ ಕಡಿಮೆ, ಒಂದು ಸಲ ಪೂರ್ತಿ ಕ್ಲೋನ್ ಆಗಲಿ. `--ಫಿಲ್ಟರ್=ಬ್ಲಾಬ್:ನನ್` ಕೂಡ ಬೇಡ: ಬ್ಲೇಮ್ ಮಾಡಿದಾಗಲೆಲ್ಲ ಹಳೆಯ ಒಡಲು ತರಲು ಜಾಲಕ್ಕೆ ಓಡುತ್ತದೆ, ನಿಧಾನ ಜಾಲದಲ್ಲಿ ಅದೇ ಶಿಕ್ಷೆ.

ತ್ರಿಜ್ಯ

ಬ್ರಾಂಚ್ ಪದ್ಧತಿಯ ಬಗ್ಗೆ ಒಂದು ಮಾತು. ಗಿಟ್‌ಫ್ಲೋ ಎಂಬ 2010ರ ಮಾದರಿಯನ್ನು ಕಣ್ಣುಮುಚ್ಚಿ ಹಾಕಿಕೊಳ್ಳಬೇಡಿ. ಏಕಕಾಲಕ್ಕೆ ಹಲವು ಬಿಡುಗಡೆಗಳನ್ನು ಸಂಭಾಳಿಸುವವರಿಗೆ ಅದು. 9 ಪ್ರೋಗ್ರಾಮರ್‌ಗಳಿಗೆ ಒಂದು ಮುಖ್ಯ ಬ್ರಾಂಚ್, ಎರಡು ಮೂರು ದಿನಕ್ಕೆ ಮುಗಿಯುವ ಸಣ್ಣ ಬ್ರಾಂಚ್‌ಗಳು, ರಿಲೀಸ್‌ಗೊಂದು ಬ್ರಾಂಚ್. ರಿಲೀಸ್‌ಗೆ ಬೇಕಾದ ತಿದ್ದುಪಡಿ ಮೊದಲು ಮುಖ್ಯಕ್ಕೆ ಹೋಗಿ ಅಲ್ಲಿಂದ `ಚೆರ್ರಿ-ಪಿಕ್ -ಎಕ್ಸ್` (ಆ ಕಮಿಟ್ ಮಾತ್ರ ನಕಲು) ಆಗಲಿ. -ಎಕ್ಸ್ ಇದ್ದರೆ ಮೂಲ ಹ್ಯಾಶ್ ಸಂದೇಶದಲ್ಲಿ ಉಳಿಯುತ್ತದೆ.

ಮರ್ಜ್ ಮಾಡುವಾಗ ಸ್ಕ್ವಾಶ್ ಮಾಡಬೇಕೇ (ಕಮಿಟ್‌ಗಳನ್ನೆಲ್ಲ ಒಂದಾಗಿಸಬೇಕೇ) ಎಂಬ ಚರ್ಚೆ ಬಂದೇ ಬರುತ್ತದೆ. ಬ್ರಾಂಚ್ ಚಿಕ್ಕದಿದ್ದರೆ ಸ್ಕ್ವಾಶ್ ಮಾಡಿ.

ಅರ್ಧವಿರಾಮ

ಅದನ್ನು ಒಪ್ಪುವುದಿಲ್ಲ. 40 ಕಡತ ಮುಟ್ಟಿದ ಬ್ರಾಂಚ್ ಒಂದೇ ಕಮಿಟ್ ಆಗಿಬಿಟ್ಟರೆ ಬೈಸೆಕ್ಟ್ ಬಂದು ಆ ಗುಡ್ಡದ ಬುಡದಲ್ಲೇ ನಿಲ್ಲುತ್ತದೆ. ಪ್ರತಿ ಕಮಿಟ್ ಬಿಲ್ಡ್ ಆಗುವಂತಿದ್ದರೆ ಬಿಡಿಬಿಡಿಯಾಗಿಯೇ ಇಡಿ, ಮುಖ್ಯದಲ್ಲಿ `--ನೋ-ಎಫ್‌ಎಫ್` (ಬ್ರಾಂಚ್ ಸೇರಿದ ಗುರುತು ಉಳಿಸುವ) ಮರ್ಜ್ ಮಾಡಿ.

ತ್ರಿಜ್ಯ

"ಪ್ರತಿ ಕಮಿಟ್ ಬಿಲ್ಡ್ ಆಗುವಂತಿದ್ದರೆ". ಎಸ್‌ವಿಎನ್‌ನಿಂದ ಬಂದ ತಂಡ ಮೊದಲ ದಿನದಿಂದಲೇ ಹಾಗೆ ಮಾಡುತ್ತದೆಯೇ? ಅದಕ್ಕೇ ಹೇಳಿದ್ದು.

ಕಡತಕಾವಲು

ಬ್ಯಾಕಪ್ ಬಗ್ಗೆ ಯಾರೂ ಬರೆದಿಲ್ಲ. "ಗಿಟ್‌ನಲ್ಲಿ ಪ್ರತಿ ಕ್ಲೋನ್ ಬ್ಯಾಕಪ್ಪೇ" ಎನ್ನುವುದು ಅರ್ಧ ಸತ್ಯ. ಸಾಮಾನ್ಯ ಕ್ಲೋನ್‌ನಲ್ಲಿ ಬೇರೆಯವರ ಪುಶ್ ಆಗದ ಬ್ರಾಂಚ್‌ಗಳಿಲ್ಲ, ಸರ್ವರ್ ಹುಕ್‌ಗಳಿಲ್ಲ, ರಿವ್ಯೂ ಟಿಪ್ಪಣಿಗಳಿಲ್ಲ. `ಗಿಟ್ ಕ್ಲೋನ್ --ಮಿರರ್` ಪ್ರತಿಯೂ ಮೂಲವನ್ನೇ ಹಿಂಬಾಲಿಸುತ್ತದೆ: ಯಾರಾದರೂ ಫೋರ್ಸ್ ಪುಶ್ ಮಾಡಿ (ಸರ್ವರ್‌ನ ಇತಿಹಾಸವನ್ನು ಬಲವಂತವಾಗಿ ಬದಲಿಸಿ) ಮುಖ್ಯ ಬ್ರಾಂಚ್ ಒರೆಸಿದರೆ ರಾತ್ರಿಯ ಮಿರರ್ ಅಪ್‌ಡೇಟ್ ಅದನ್ನೂ ಒರೆಸುತ್ತದೆ. ವಾರಕ್ಕೊಮ್ಮೆ `ಗಿಟ್ ಬಂಡಲ್ ಕ್ರಿಯೇಟ್ ... --ಆಲ್` (ರೆಪೊದ ಇತಿಹಾಸ ಒಂದೇ ಕಡತವಾಗಿ) ಮಾಡಿ ದಿನಾಂಕ ಹಾಕಿ ಬೇರೆ ಕಡೆ ಇಡಿ, `ಬಂಡಲ್ ವೆರಿಫೈ` ಮಾಡಿ. ಮುಖ್ಯ ಬ್ರಾಂಚ್‌ಗೆ ಫೋರ್ಸ್ ಪುಶ್ ಸರ್ವರ್‌ನಲ್ಲೇ ನಿಷೇಧಿಸಿ. ತಮ್ಮ ಬ್ರಾಂಚ್‌ಗೆ ಬೇಕೆನ್ನುವವರು `--ಫೋರ್ಸ್-ವಿತ್-ಲೀಸ್` ಬಳಸಲಿ.

ಎಸ್‌ವಿಎನ್ ಕಡೆ ರಾತ್ರಿ `ಹಾಟ್‌ಕಾಪಿ --ಇನ್‌ಕ್ರಿಮೆಂಟಲ್`, ವಾರಕ್ಕೊಮ್ಮೆ ಆ ಪ್ರತಿಯ ಮೇಲೆ `ಎಸ್‌ವಿಎನ್‌ಅಡ್ಮಿನ್ ವೆರಿಫೈ`. ಆಥ್‌ಝೀ ಕಡತ ರೆಪೊದ ಹೊರಗಿದ್ದರೆ ಹಾಟ್‌ಕಾಪಿಯಲ್ಲಿ ಬರುವುದಿಲ್ಲ, ಅದನ್ನು ಬೇರೆಯಾಗಿ ಉಳಿಸಿ.

ಮೂಲಪ್ರತಿ

ಹೀಗೆ ಮಾಡುತ್ತೇವೆ: ಕೋಡ್ ಗಿಟ್‌ನಲ್ಲಿ, ಅಸೆಟ್ ಎಸ್‌ವಿಎನ್‌ನಲ್ಲಿ, 4 ಜನರ ಫೋಲ್ಡರ್ ಪ್ರತ್ಯೇಕ ಗಿಟ್ ರೆಪೊದಲ್ಲಿ. ಅದನ್ನು ಸಬ್‌ಮಾಡ್ಯೂಲ್ ಮಾಡಬಹುದೇ? ಮತ್ತೊಂದು: ಸಂಖ್ಯೆಯ ಕಡತವನ್ನು ಕೈಯಿಂದ ಏರಿಸುವುದು ಮರೆತರೆ?

ಬೇರುಕೊಂಬೆ

ಸಬ್‌ಮಾಡ್ಯೂಲ್ ಬೇಡ. ಉಳಿದ 10 ಜನರಲ್ಲಿ `--ರೆಕರ್ಸ್-ಸಬ್‌ಮಾಡ್ಯೂಲ್ಸ್` ಹಾಕಿದವರ ಕ್ಲೋನ್ ಅನುಮತಿಯಿಲ್ಲವೆಂದು ಮಧ್ಯದಲ್ಲೇ ನಿಲ್ಲುತ್ತದೆ. ಆ ರೆಪೊ ತನ್ನ ಲೈಬ್ರರಿಯನ್ನು ಬಿಲ್ಡ್ ಮಾಡಿ ಬೈನರಿಯಾಗಿ ಪ್ರಕಟಿಸಲಿ, ಉಳಿದವರು ಹೆಡರ್ ಮತ್ತು ಲೈಬ್ರರಿ ಬಳಸಲಿ. ಒಪ್ಪಂದ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ಓದಿ.

ಹಳೇಕೀಲಿ

ಮರೀತಾರೆ, ಅದಕ್ಕೆ ಕೈಯಿಂದ ಬರೆಯೋಕೆ ಬಿಡಬೇಡಿ. ಚಿಕ್ಕ ಸ್ಕ್ರಿಪ್ಟ್ ಇರಲಿ: ಅಸೆಟ್ ಟ್ರಂಕ್‌ನ ಸರ್ವರ್ ವಿಳಾಸ ಕೊಟ್ಟು `ಎಸ್‌ವಿಎನ್ ಇನ್ಫೋ --ಶೋ-ಐಟಂ ಲಾಸ್ಟ್-ಚೇಂಜ್ಡ್-ರಿವಿಶನ್` ಕೇಳಿ, ಬಂದ ಸಂಖ್ಯೆಯನ್ನು ಕಡತಕ್ಕೆ ಬರೆಯುತ್ತೆ. ಬರೀ `ರಿವಿಶನ್` ಕೇಳಬೇಡಿ, ಅದು ಇಡೀ ರೆಪೊದ ತುದಿ. ಬೇರೆ ಫೋಲ್ಡರ್‌ನಲ್ಲಿ ಕಮಿಟ್ ಆದ್ರೂ ಏರುತ್ತೆ, ಸುಮ್ಮನೆ ಕಾನ್‌ಫ್ಲಿಕ್ಟ್ ಹೆಚ್ಚುತ್ತೆ. ವಿಳಾಸದ ಬದಲು ಲೋಕಲ್ ಫೋಲ್ಡರ್ ಕೊಟ್ರೆ ಕೊನೇ ಅಪ್‌ಡೇಟ್ ಆದಾಗಿನ ಹಳೇ ಸಂಖ್ಯೆ ಬರುತ್ತೆ. ಸಿಐನಲ್ಲಿ ಎರಡು ತಪಾಸಣೆ ಸಾಕು: ಮುಖ್ಯ ಬ್ರಾಂಚ್‌ನಲ್ಲಿ ಸಂಖ್ಯೆ ಇಳಿದಿದ್ರೆ ಬಿಲ್ಡ್ ಕೆಂಪು, ಸರ್ವರ್‌ನಲ್ಲಿರೋದಕ್ಕಿಂತ ದೊಡ್ಡದಿದ್ರೂ ಕೆಂಪು. ಸಿಐ ಬಳಕೆದಾರನಿಗೆ ಎಸ್‌ವಿಎನ್‌ನಲ್ಲಿ ಓದೋ ಅನುಮತಿ ಮಾತ್ರ ಕೊಡಿ.